ಬೀಗರ ನಡುಕ

ಮಾರ್ಚ್ ೩, ಭಾನುವಾರ

ಬೀಗರು ನಡುಗುತ್ತಿದ್ದಾರೆ.

ಹೊಸ ಡೈರಿ, ಆದ್ದರಿಂದ ದಾಖಲೆಗಿರಲಿ: ಬೀಗರೆಂದರೆ ನಮ್ಮ ಮೋಟರ್‌ಸೈಕಲ್ಲು. ನಮಗೆ ಮಕ್ಕಳಿಲ್ಲ, ಹಾಗಾಗಿ ಬೀಗರೂ ಸಿಗುವಂತಿಲ್ಲ. ಆ ಕೊರತೆ ತುಂಬಲೆಂದು ಹೆಂಡತಿ ಗಾಡಿಗೆ ಈ ಹೆಸರಿಟ್ಟಳು. ಹೊರಡಿಸಬೇಕೆಂದರೆ ಬೆಳಿಗ್ಗೆಯಿಂದ ಓಲೈಸಬೇಕು, ಎಷ್ಟು ಉಪಚಾರ ಮಾಡಿದರೂ ಎಲ್ಲೋ ಒಂದು ಲೋಪ ಹುಡುಕಿ ಮುಖ ಊದಿಸಿಕೊಳ್ಳುತ್ತಾರೆ, ಬಿದ್ದರೆ ಎತ್ತಲು ಇಬ್ಬರು ಬೇಕು. ಆದರೆ ದೂರದ ದಾರಿಗೆ ಬಿದ್ದರೆಂದರೆ ಅವರಂಥ ಸಂಗಾತಿ ಇಲ್ಲ. ಎರಡು ಬದಿಗೆ ಎರಡು ಪೆಟ್ಟಿಗೆ, ಮುಂದೆ ನಾನು, ಹಿಂದೆ ಹೆಂಡತಿ. ಮದುವೆಯಾದ ವರ್ಷದಿಂದ ಹೀಗೇ ಸುತ್ತಿದ್ದೇವೆ.

ಇವತ್ತು ಹೆದ್ದಾರಿಯಲ್ಲಿ ಹ್ಯಾಂಡಲ್ಲಿನ ಬಲಗಡೆ ಹಿಡಿಯಲ್ಲಿ ಒಂದು ಸಣ್ಣ ನಡುಕ ಗೊತ್ತಾಯಿತು. ಎಡಗಡೆ ಇಲ್ಲ. ಇಳಿದು ಮನೆಗೆ ಬಂದ ಮೇಲೂ ಅದರ ಜುಮುಜುಮು ಅಂಗೈಯಿಂದ ಹೋಗಲಿಲ್ಲ. ಟೀ ಕುಡಿಯುವಾಗ ಕಪ್ಪು ಸಾಸರಿನ ಮೇಲೆ ಕಟಕಟ ಎಂದಿತು. ಇಳಿದ ಮೇಲೂ ಇಷ್ಟಿದ್ದರೆ ಗಾಡಿಯಲ್ಲಿ ಎಷ್ಟಿರಬೇಕು!

ಮೇ ಕೊನೆಗೆ ಹೆಂಡತಿ ಶಾಲೆಯಿಂದ ನಿವೃತ್ತಳಾಗುತ್ತಾಳೆ. ಡ್ರಿಲ್ ಟೀಚರು, ಸೀಟಿ ಇಲ್ಲದೆ ಅವಳನ್ನು ನೋಡಿದವರು ಕಡಿಮೆ. ಜೂನ್‌ನಲ್ಲಿ ಬೆಟ್ಟ ದಾಟಿಸಿ ಆಚೆ ಕಡಲಿನ ದೀಪಸ್ತಂಭದವರೆಗೆ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದೇನೆ. ಅಷ್ಟರೊಳಗೆ ಬೀಗರು ಹೊಸಬರಾಗಬೇಕು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಜೀವಮಾನವಿಡೀ ಇನ್ಸ್‌ಪೆಕ್ಟರಾಗಿದ್ದವನು ನಾನು. ಅಂಗಡಿ ಅಂಗಡಿಗೆ ನುಗ್ಗಿ ತಕ್ಕಡಿಗಳ ಸುಳ್ಳು ಹಿಡಿದವನಿಗೆ ಒಂದು ಗಾಡಿಯ ನಡುಕ ಹಿಡಿಯುವುದು ಎಷ್ಟರ ಮಾತು.

ಮಾರ್ಚ್ ೧೨, ಮಂಗಳವಾರ

ಬೀಗರನ್ನು ಮೆಕ್ಯಾನಿಕ್ ಹತ್ತಿರ ಒಯ್ದೆ. ಕೈ ಆಡಿದಷ್ಟೂ ಬಾಯಿಯೂ ಆಡಬೇಕು ಅವನಿಗೆ. ಒಂದು ಸುತ್ತು ಓಡಿಸಿಕೊಂಡು ಬಂದು, "ಎಲ್ಲಿ ಸಾರ್ ನಡುಕ? ದೋಣಿ ಹೋದ ಹಾಗೆ ಹೋಗುತ್ತೆ" ಅಂದ.

"ಬಲಗಡೆ ಹಿಡೀಲಿ. ಸರಿಯಾಗಿ ನೋಡು."

"ನೋಡ್ದೆ ಸಾರ್."

"ಇನ್ನೊಂದ್ಸಲ ನೋಡು."

ಇನ್ನೊಂದು ಸುತ್ತು ಹೋಗಿ ಬಂದು ತಲೆ ಕೆರೆದುಕೊಂಡ. ದಿನವಿಡೀ ಸ್ಪ್ಯಾನರ್ ಹಿಡಿದು ಇವನ ಕೈ ಮರಗಟ್ಟಿದೆ, ಗೊತ್ತಾಗುವುದಾದರೂ ಹೇಗೆ? ಆದರೂ ಗಿರಾಕಿಗೆ ಎದುರಾಡುವ ಪೈಕಿಯವನಲ್ಲ. "ಇರಬಹುದು ಸಾರ್, ವಯಸ್ಸಾದ ಗಾಡಿ. ಮಾಡೋದು ಮಾಡ್ತೀವಿ, ಪೂರ್ತಿ ಮಾಡ್ಬಿಡೋಣ" ಎಂದ. ಮುಂದಿನ ಫೋರ್ಕಿಗೆ ಗಟ್ಟಿ ಸ್ಪ್ರಿಂಗು, ಹಿಂದಕ್ಕೆ ಹೊಸ ಶಾಕ್ ಅಬ್ಸಾರ್ಬರ್, ಬ್ರೇಕಿನ ಹಳೆಯ ರಬ್ಬರ್ ಪೈಪಿನ ಬದಲು ಉಕ್ಕಿನ ತಂತಿ ಹೆಣೆದದ್ದು, ಹೆಡ್‌ಲೈಟಿಗೆ ಎಲ್‌ಇಡಿ, ಎಂಜಿನ್ ಕೂರುವ ರಬ್ಬರ್ ಬುಷ್‌ಗಳೆಲ್ಲ ಹೊಸವು. ಎಂಜಿನ್ನನ್ನೂ ಚಾಸಿಯನ್ನೂ ಮುಟ್ಟಕೂಡದು ಎಂದು ಮಾತ್ರ ಖಡಾಖಂಡಿತವಾಗಿ ಹೇಳಿ ಬಂದೆ.

"ಹೌದು, ಅವನ್ನೂ ಬದಲಾಯಿಸಿದ್ರೆ ಬೇರೆ ಬೀಗರೇ ಬಂದುಬಿಡ್ತಾರೆ" ಎಂದಳು ಹೆಂಡತಿ.

ಮಾರ್ಚ್ ೨೪, ಭಾನುವಾರ

ಬುಷ್ ಬದಲಾದವು. ನಡುಕ ಹೋಗಲಿಲ್ಲ.

ಹ್ಯಾಂಡಲ್ಲಿನ ತುದಿಗಳಿಗೆ ಭಾರ ಕೂರಿಸಿದರೆ ನಡುಕ ಅಡಗುತ್ತದೆ. ಲೇತ್‌ನವನಿಂದ ಹಿತ್ತಾಳೆಯ ಎರಡು ಗುಂಡು ಮಾಡಿಸಿಕೊಂಡು ಬಂದು ಮನೆಯ ತಕ್ಕಡಿಯಲ್ಲಿ ತೂಗಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಮನಸ್ಸಿಗೆ ಬಹಳ ದಿನಗಳ ನಂತರ ಒಂದು ತೃಪ್ತಿ. ಕೂರಿಸುವಾಗ ಸ್ಕ್ರೂ ಮತ್ತೆ ಮತ್ತೆ ಕೈಜಾರಿ ಬಿತ್ತು; ಈಗಿನ ಸ್ಕ್ರೂಗಳಿಗೆ ಅದೇನು ಎಣ್ಣೆ ಸವರಿ ಕಳಿಸುತ್ತಾರೋ. ಕೊನೆಗೆ ಹೆಂಡತಿ ಬಂದು ತಿರುಗಿಸಿ ಕೊಟ್ಟು ಹೋದಳು.

ಓಡಿಸಿ ನೋಡಿದೆ. ನಡುಕ ಕಡಿಮೆಯಾದಂತೆ ಅನ್ನಿಸಿತು, ಅರ್ಧ ದಾರಿಯವರೆಗೆ. ಇನ್ನೂ ದಪ್ಪ ಗುಂಡು ಬೇಕು.

ಏಪ್ರಿಲ್ ೬, ಶನಿವಾರ

ಇವತ್ತಿನದನ್ನು ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ.

ಬೆಳಿಗ್ಗೆ ಕಾರ್ಬುರೇಟರ್ ಬಿಚ್ಚಿ ತೊಳೆದು ಮತ್ತೆ ಜೋಡಿಸಿದ್ದೆ. ಹೆಡ್‌ಲೈಟಿನ ತಂತಿಗೆ ಬೆಸುಗೆ ಹಾಕಲು ಸಣ್ಣ ಗ್ಯಾಸ್ ಬರ್ನರ್ ತೆಗೆದೆ. ಅಷ್ಟರಲ್ಲಿ ಅಡುಗೆಮನೆಯಿಂದ ಹೆಂಡತಿ ಕೂಗಿದಳು: "ಏನ್ರೀ, ಪೆಟ್ರೋಲ್ ವಾಸನೆ!"

ಗಾಡಿಯ ಪಕ್ಕದಲ್ಲೇ ಕೂತ ನನಗೆ ಬಾರದ ವಾಸನೆ ಒಳಗಿದ್ದವಳಿಗೆ ಬಂತಂತೆ. "ಏನೂ ಇಲ್ಲ, ನಿನ್ನ ಭ್ರಮೆ" ಎಂದೆ. ಬೆಂಕಿಕಡ್ಡಿ ತೆಗೆದು ಗೀರಲು ಕೈ ಎತ್ತಿದ್ದೆ. ಅವಳು ಹೇಗೆ ಅಷ್ಟು ಬೇಗ ಬಂದಳೋ ಗೊತ್ತಿಲ್ಲ. ಮೊಣಕೈಗೆ ಬಲವಾಗಿ ಹೊಡೆದಳು, ಕಡ್ಡಿಪೆಟ್ಟಿಗೆ ಹಾರಿ ಅಂಗಳಕ್ಕೆ ಬಿತ್ತು.

"ಕಾಲ ಹತ್ರ ನೋಡಿ."

ನೋಡಿದೆ. ಕಾರ್ಬುರೇಟರಿನ ಅಡಿಯಿಂದ ತೊಟ್ಟಿಕ್ಕಿ ತೊಟ್ಟಿಕ್ಕಿ ನನ್ನ ಚಪ್ಪಲಿಯ ಸುತ್ತ ಪೆಟ್ರೋಲು ಮಡುಗಟ್ಟಿತ್ತು. ಚಪ್ಪಲಿಯೇ ನೆನೆದಿತ್ತು.

"ನೆಗಡಿ ಆಗಿರ್ಬೇಕು, ಮೂಗು ಕಟ್ಟಿದೆ" ಎಂದೆ.

"ನಿಮಗೆಲ್ಲಿ ನೆಗಡಿ?"

"ಬರೋ ಮುಂಚೆ ಹೀಗಾಗುತ್ತೆ."

ಅವಳು ಮರಳು ತಂದು ಸುರಿದು ಗುಡಿಸಿದಳು. ಕಾರ್ಬುರೇಟರಿನಡಿಯ ಪೆಟ್ರೋಲ್ ಬಟ್ಟಲಿನ ವಾಷರ್ ಸರಿಯಾಗಿ ಕೂತಿರಲಿಲ್ಲ, ಅಷ್ಟೇ. ಬದಲಾಯಿಸಿದ್ದೇನೆ.

ಏಪ್ರಿಲ್ ೧೫, ಸೋಮವಾರ

ಈ ಪೆನ್ನು ಎಸೆಯಬೇಕು. ಸಾಲು ಶುರುವಾಗುವಾಗ ಅಕ್ಷರ ಅಕ್ಷರದ ಹಾಗಿರುತ್ತದೆ, ಕೊನೆಗೆ ಬರುವಷ್ಟರಲ್ಲಿ ಇರುವೆ ಸಾಲು. ಮಾರ್ಚಿನ ಪುಟ ತಿರುಗಿಸಿ ನೋಡಿದರೆ ಬೇರೆ ಯಾರೋ ಬರೆದ ಹಾಗಿದೆ.

ಹೆಂಡತಿಗೆ ಕಿವಿ ಮಂದವಾಗುತ್ತಿದೆ. ಮಾತು ಮಾತಿಗೂ "ಸ್ವಲ್ಪ ಜೋರಾಗಿ ಹೇಳ್ರೀ" ಎನ್ನುತ್ತಾಳೆ. ವರ್ಷಗಟ್ಟಲೆ ಸೀಟಿ ಊದಿದವಳ ಕಿವಿ, ಪಾಪ, ಹೀಗಾಗದೆ ಇನ್ನೇನು. ಮೆಕ್ಯಾನಿಕ್‌ಗೂ ಅದೇ ಕಾಯಿಲೆ, ಅವನಿಗೆ ಎಂಜಿನ್ ಸದ್ದಿನಿಂದ. ಎಲ್ಲರೂ ಒಟ್ಟಿಗೇ ಕಿವುಡಾಗುತ್ತಿದ್ದಾರೆ.

ಏಪ್ರಿಲ್ ೨೮, ಭಾನುವಾರ

ಬ್ರೇಕು, ಸ್ಪ್ರಿಂಗು, ಲೈಟು ಎಲ್ಲ ಮುಗಿಯಿತು. ಹೆಂಡತಿಯನ್ನು ಕೂರಿಸಿಕೊಂಡು ಊರೊಳಗೆ ಒಂದು ಸುತ್ತು.

ಹೊರಡುವ ಮೊದಲೇ ಕಿರಿಕಿರಿ. ಹೆಲ್ಮೆಟ್ಟಿನ ಪಟ್ಟಿ ಸಿಕ್ಕಿಸಲು ಹೆಣಗುತ್ತಿದ್ದೆ. ಅವಳು ಕಾದಳು, ಕಾದಳು, ಆಮೇಲೆ ಮಗುವಿಗೆ ಮಾಡಿದಂತೆ ಗದ್ದ ಎತ್ತಿ ಹಿಡಿದು ತಾನೇ ಸಿಕ್ಕಿಸಿದಳು. ಮೈಯೆಲ್ಲ ಉರಿಯಿತು. ಎದುರು ಮನೆಯವರು ನೋಡುತ್ತಿದ್ದರು ಬೇರೆ.

ಮುಖ್ಯರಸ್ತೆಯಲ್ಲಿ ಮುಂದಿದ್ದ ಬಸ್ಸು ಗಕ್ಕನೆ ನಿಂತಿತು. ಬ್ರೇಕ್ ಹಿಡಿದೆ. ಬ್ರೇಕ್ ತಡವಾಗಿ ಬಂತು. ಎಷ್ಟು ತಡ ಎಂದರೆ, ಬಸ್ಸಿನ ಹಿಂಬದಿಗೆ ಅಂಟಿದ್ದ ಧೂಳಿನಲ್ಲಿ ಯಾರೋ ಬೆರಳಲ್ಲಿ ಗೀಚಿದ್ದ ಹೆಸರನ್ನು ಓದುವಷ್ಟು ಹತ್ತಿರ ಹೋಗಿ ನಿಂತೆವು. ಹೆಂಡತಿಯ ಮೊಣಕಾಲುಗಳು ನನ್ನ ಸೊಂಟವನ್ನು ಒತ್ತಿ ಹಿಡಿದದ್ದು ಮನೆ ಬರುವವರೆಗೂ ಸಡಿಲವಾಗಲಿಲ್ಲ.

ಹೊಸ ಬ್ರೇಕ್ ಪ್ಯಾಡು ಪಳಗಲು ಒಂದಷ್ಟು ಓಡಬೇಕು. ಅದು ಎಲ್ಲರಿಗೂ ಗೊತ್ತಿರುವ ವಿಷಯ.

ಮೇ ೧೨, ಭಾನುವಾರ

ಜೂನ್ ಪ್ರಯಾಣಕ್ಕೆ ಒಂದು ತಾಲೀಮು ಎಂದು ಬೆಟ್ಟದ ಮೊದಲ ತಿರುವುಗಳವರೆಗೆ ಹೋಗಿದ್ದೆವು. ಹತ್ತುವಾಗ ಏನೂ ತೊಂದರೆಯಿಲ್ಲ, ಬೀಗರು ಹಾಡಿಕೊಂಡು ಹತ್ತಿದರು. ಇಳಿಯುವಾಗ ಎದುರಿನಿಂದ ಲಾರಿ ಬಂತು. ತಿರುವನ್ನೆಲ್ಲ ತಾನೇ ತುಂಬಿಕೊಂಡು ಬಂತು.

ಆಕ್ಸಿಲರೇಟರ್ ಸಿಕ್ಕಿಹಾಕಿಕೊಂಡಿತು. ಬಿಡಬೇಕು ಎಂದುಕೊಂಡೆ, ಅದು ವಾಪಸ್ಸು ಬರಲಿಲ್ಲ. ಬ್ರೇಕಿನ ಲಿವರು ಬೆರಳಿಗೆ ಸಿಗಲಿಲ್ಲ. ಲಾರಿಯ ಹಾರ್ನು ಕಿವಿಯೊಳಗೇ ಕೂಗುತ್ತಿತ್ತು, ಎಡಕ್ಕೆ ತಡೆಗೋಡೆ, ಅದರಾಚೆ ಏನೂ ಇಲ್ಲ. ಆಗ ಹೆಂಡತಿಯ ಕೈ ನನ್ನ ತೋಳಿನಡಿಯಿಂದ ಮುಂದಕ್ಕೆ ಬಂದು, ನನ್ನ ಬಲಗೈ ಮೇಲೆ ಒಂದು ಕ್ಷಣ ಕೂತು, ಎಂಜಿನ್ ನಿಲ್ಲಿಸುವ ಕೆಂಪು ಗುಂಡಿಯನ್ನು ಒತ್ತಿತು. ಎಂಜಿನ್ ಸತ್ತಿತು. ಕಾಲಿನ ಬ್ರೇಕ್ ತುಳಿದೆ. ಜಲ್ಲಿಯ ಮೇಲೆ ಜಾರಿ ಮುಂದಿನ ಚಕ್ರ ಗೋಡೆಗೆ ತಾಗಿ ನಿಂತಿತು. ಲಾರಿ ನಮ್ಮನ್ನು ಸವರಿಕೊಂಡು ಹೋಯಿತು.

ಅವಳು ಇಳಿದು ಹೆಲ್ಮೆಟ್ ತೆಗೆದು ಗೋಡೆಯ ಮೇಲೆ ಕೂತಳು. ನಾನು ಹಾಳು ಕೇಬಲ್ಲನ್ನೂ ಮೆಕ್ಯಾನಿಕ್‌ನನ್ನೂ ಅವನ ಇಡೀ ಅಂಗಡಿಯನ್ನೂ ಬೈಯುತ್ತಿದ್ದೆ.

"ಆ ಕೈಗವಸು ತೆಗೀರಿ" ಎಂದಳು.

"ಯಾಕೆ?"

"ಕೈ ಕೊಡಿ ಇಲ್ಲಿ."

ಕೊಡಲಿಲ್ಲ. ಏನು, ಶಾಲೆಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಉಗುರು ನೋಡಿದ ಹಾಗೆಯೇ? ಅವಳು ಕೆಳಗಿನ ತಿರುವಿನವರೆಗೆ ನಡೆದು ಹೋಗಿ ಬಸ್ಸು ಹತ್ತಿದಳು. ನನ್ನ ಹಿಂದಿನಿಂದ ಅವಳು ಹೀಗೆ ಇಳಿದು ಹೋದದ್ದು ಇದೇ ಮೊದಲು. ನಾನೊಬ್ಬನೇ ಬೀಗರನ್ನು ತಂದೆ, ಎಮ್ಮೆ ಹೊಡೆದುಕೊಂಡು ಬಂದಷ್ಟು ನಿಧಾನಕ್ಕೆ.

ಮೇ ೧೪, ಮಂಗಳವಾರ

ಮೆಕ್ಯಾನಿಕ್ ಜೊತೆ ಜಗಳ. ಆಕ್ಸಿಲರೇಟರನ್ನು ತಿರುಗಿಸಿ ಬಿಟ್ಟು, ತಿರುಗಿಸಿ ಬಿಟ್ಟು ತೋರಿಸಿದ. ಪ್ರತಿಸಲವೂ ಟಪ್ಪೆಂದು ವಾಪಸ್ಸು ಬಂತು. "ಇದರಲ್ಲಿ ಏನ್ ಸಿಕ್ಕಾಕ್ಕೊಳ್ಳುತ್ತೆ ಹೇಳಿ ಸಾರ್? ನೀವೇ ನೋಡಿ." ನಾನು ಏನೇನೋ ಅಂದೆ. ಅವನ ಬಾಯಿ ಮೊದಲ ಸಲ ನಿಂತುಹೋಯಿತು. ಆಮೇಲೆ, "ಬೇರೆ ಕಡೆ ತೋರ್ಸಿ ಸಾರ್, ನನಗೇನೂ ಬೇಜಾರಿಲ್ಲ" ಎಂದ. ಬೇಜಾರಾಗಿದ್ದು ಮುಖದಲ್ಲೇ ಇತ್ತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಬಟ್ಟೆ ಮಡಿಸುತ್ತಿದ್ದಳು.

"ನಿಮ್ಮ ಆಫೀಸಿಗೆ ಹೊಸಬರು ಬಂದಾಗ ಏನ್ ಹೇಳ್ಕೊಡ್ತಿದ್ರಿ? ತೂಕ ತಪ್ಪು ಬಂದ್ರೆ ಮೊದಲು ಮೇಜು ಅಲ್ಲಾಡ್ತಿದ್ಯಾ ನೋಡಿ ಅಂತ."

"ಹೂಂ."

"ಮೇಜು ಸರಿ ಇದ್ರೆ ತಕ್ಕಡಿ ನೋಡಿ ಅಂತ. ತಕ್ಕಡೀನೂ ಸರಿ ಇದ್ರೆ?"

ಮರೆತುಹೋಗಿದೆ ಎಂದೆ.

"ಮರೆತಿಲ್ಲ ನೀವು" ಎಂದು ಮಡಿಸಿದ ಬಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಮೇ ೧೫, ಬುಧವಾರ

ನಿವೃತ್ತಿಯ ಕಾಗದಪತ್ರಕ್ಕೆಂದು ಅವಳು ಶಾಲೆಗೆ ಹೋದ ಮೇಲೆ ಬೀಗರ ಮೇಲೆ ಕೂತೆ. ಕೀ ಹಾಕಿರಲಿಲ್ಲ. ಎಂಜಿನ್ ತಣ್ಣಗಿತ್ತು.

ಬಲಗೈಯನ್ನು ಹಿಡಿಯ ಮೇಲೆ ಸುಮ್ಮನೆ ಇಟ್ಟೆ. ಕನ್ನಡಿಯಲ್ಲಿ ಹಿಂದಿನ ಗೇಟು ನಡುಗುತ್ತಿತ್ತು. ಕೈ ತೆಗೆದೆ. ಗೇಟು ನಿಂತಿತು. ಇಟ್ಟೆ. ನಡುಗಿತು.

ಮೂರನೆಯದು ತೂಗುವವನ ಕೈ. ಮೇಜು, ತಕ್ಕಡಿ, ಕೈ.

ಮೇ ೨೦, ಸೋಮವಾರ

ಆಸ್ಪತ್ರೆ. ನರದ ಡಾಕ್ಟರು. ಹೆಬ್ಬೆರಳು ತೋರುಬೆರಳು ಪಟಪಟ ತಟ್ಟಿ ಎಂದರು. ಎಡಗೈ ಹೇಳಿದಂತೆ ಕೇಳಿತು, ಬಲಗೈ ನಡುವೆ ಮರೆತು ನಿಂತಿತು. ನಡೆಯಲು ಹೇಳಿದರು. ಬಲತೋಳು ಬೀಸುವುದೇ ಇಲ್ಲವಂತೆ. ವಾಸನೆ ಯಾವಾಗ ಹೋಯಿತು ಎಂದು ಕೇಳಿದರು. ನಾನು ಹೇಳಿಯೇ ಇರಲಿಲ್ಲ, ಅವರಿಗೆ ಹೇಗೆ ಗೊತ್ತು? ದನಿ ಸಣ್ಣಗಾಗಿದೆ, ಮನೆಯವರು ದೂರುತ್ತಾರಾ ಎಂದರು. ಹೆಂಡತಿ ನನ್ನ ಮುಖ ನೋಡಲಿಲ್ಲ. ಅವಳ ಕಿವಿ ಚೆನ್ನಾಗಿಯೇ ಇದೆ.

ಯಾವುದಾದರೂ ಒಂದು ವಾಕ್ಯ ಬರೆಯಿರಿ ಎಂದು ಹಾಳೆ ಕೊಟ್ಟರು. ತೋಚಿದ್ದನ್ನು ಬರೆದೆ. ಡಾಕ್ಟರು ಹತ್ತಿರಕ್ಕೆ ಹಿಡಿದು ಕಷ್ಟಪಟ್ಟು ಓದಿ, "ಯಾರ ಬೀಗರಿಗೆ ಬ್ರೇಕ್ ಹಾಕ್ಸಿದ್ರಿ?" ಎಂದರು. ಹೆಂಡತಿ ನಕ್ಕಳು. ನಗುತ್ತ ನಗುತ್ತಲೇ ಅಳತೊಡಗಿದಳು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಪಾರ್ಕಿನ್ಸನ್ ಅಂತೆ. ಗುಳಿಗೆಯಿಂದ ಹತೋಟಿಗೆ ಬರುತ್ತದೆ, ಹೋಗುವುದಿಲ್ಲ.

"ಗಾಡಿ?" ಎಂದೆ.

"ಸದ್ಯಕ್ಕೆ ಬೇಡ."

"ಸದ್ಯಕ್ಕೆ ಅಂದ್ರೆ?"

ಡಾಕ್ಟರು ಉತ್ತರ ಕೊಡುವ ಮೊದಲು ಹೆಂಡತಿಯ ಕಡೆ ನೋಡಿದರು. ಅಷ್ಟರಲ್ಲೇ ಗೊತ್ತಾಯಿತು.

ಮೇ ೩೧, ಶುಕ್ರವಾರ

ಅವಳ ನಿವೃತ್ತಿಯ ಸಮಾರಂಭ. ಎಲ್ಲರೂ ಕೇಳಿದರು: "ಟೀಚರ್, ಬೈಕಲ್ಲಿ ಯಾವಾಗ ಹೊರಡ್ತೀರಿ?" ಬಲಗೈಯನ್ನು ಜೇಬಿಗೆ ಹಾಕಿಕೊಂಡೆ. ಅವಳು, "ಬೀಗರಿಗೆ ಇನ್ನೂ ಸ್ವಲ್ಪ ಕೆಲಸ ಇದೆ" ಎಂದಳು.

ಜೂನ್ ೯, ಭಾನುವಾರ

ಮೆಕ್ಯಾನಿಕ್‌ನ ಅಂಗಡಿಗೆ ಹೋಗಿ ವಿಷಯ ಹೇಳಿ, ಅಂದು ಆಡಿದ ಮಾತು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದಿದ್ದೆ. "ಅಯ್ಯೋ ಬಿಡಿ ಸಾರ್" ಎಂದವನು ಬಹಳ ಹೊತ್ತು ಒಂದೇ ನಟ್ಟನ್ನು ಒರೆಸುತ್ತ ಕೂತ. ಗಾಡಿಗೆ ಗಿರಾಕಿ ಹುಡುಕಿಕೊಡು ಎಂದು ಕೇಳಿದ್ದೆ. ಹುಡುಕಿ ಕಳಿಸಿದ. ಹೆಂಡತಿಗೆ ಹೇಳಿರಲಿಲ್ಲ.

ಬಂದವನು ಒಳ್ಳೆಯ ಮನುಷ್ಯ. ಬೀಗರ ಸುತ್ತ ಭಕ್ತಿಯಿಂದ ಸುತ್ತಿದ, ಹಿತ್ತಾಳೆಯ ಗುಂಡು ನೋಡಿ ಮೆಚ್ಚಿದ. ಅಷ್ಟರಲ್ಲಿ ಅವಳು ಹೊರಗೆ ಬಂದಳು.

"ಏನ್ ನಡೀತಿದೆ?"

"ಗಾಡಿ ಕೊಡ್ತಿದ್ದೀನಿ."

"ಯಾರನ್ನ ಕೇಳಿ?"

"ನನ್ನ ಗಾಡಿ. ನಾನು ಯಾರನ್ನ ಕೇಳ್ಬೇಕು?"

"ಸರಿ. ಹಿಂದಿನ ಸೀಟು ನಂದು. ಅದನ್ನ ಬಿಚ್ಚಿಟ್ಟು ಮಿಕ್ಕಿದ್ದು ಮಾರ್ಕೊಳ್ಳಿ."

ಬಂದವನು ಹೆಲ್ಮೆಟ್ ಎತ್ತಿಕೊಂಡು ಮೆಲ್ಲನೆ ಜಾಗ ಖಾಲಿ ಮಾಡಿದ. ಆಮೇಲೆ ನಾವಿಬ್ಬರೂ ಚೆನ್ನಾಗಿ ಕಿತ್ತಾಡಿದೆವು. ಕಣ್ಣೆದುರು ನಿಂತು ತುಕ್ಕು ಹಿಡಿಯುವುದನ್ನು ನೋಡಲಾರೆ ಎಂದೆ. ಯಾರು ತುಕ್ಕು ಹಿಡಿಸುತ್ತಾರೆ, ತಾನು ಓಡಿಸುತ್ತೇನೆ ಎಂದಳು. ನನಗೆ ನಗು ಬಂತು. ದಿನವೂ ಶಾಲೆಗೆ ಸ್ಕೂಟರಿನಲ್ಲಿ ಹೋಗಿ ಬಂದ ಮಾತ್ರಕ್ಕೆ ಬೀಗರು ಬಗ್ಗುತ್ತಾರೆಯೇ? ಅವಳ ಕಾಲು ನೆಲಕ್ಕೇ ಎಟುಕುವುದಿಲ್ಲ. "ಬಿದ್ದು ಸಾಯ್ತೀಯ" ಎಂದೆ.

"ಹಿಂದೆ ಕೂತಾಗ್ಲೂ ಸಾಯೋದ್ರಲ್ಲಿದ್ದೆ" ಎಂದಳು.

ಕೀ ತಂದು ಅವಳ ಕೈಗೆ ಕೊಟ್ಟೆ.

ಜುಲೈ ೭, ಭಾನುವಾರ

ಶಾಲೆಯ ಮೈದಾನದಲ್ಲಿ ಕಲಿಕೆ. ನಾನು ಕಲ್ಲುಬೆಂಚಿನ ಮೇಲೆ. ಮೊದಲ ತಿರುವಿನಲ್ಲೇ ಬೀಗರನ್ನು ಕೆಡವಿದಳು. ಓಡಿದೆ, ಅಂದರೆ ಈಗ ನಾನು ಓಡುವುದು ಎಂದು ಏನು ಕರೆಯುತ್ತೇನೋ ಅದು. ನಾನು ತಲುಪುವಷ್ಟರಲ್ಲಿ ಎದ್ದು, ಗಾಡಿಗೆ ಬೆನ್ನು ಕೊಟ್ಟು ಕುಕ್ಕರಿಸಿ, ಕಾಲಿನ ಬಲದಲ್ಲಿ ಎತ್ತಿ ನಿಲ್ಲಿಸಿದ್ದಳು. ಎತ್ತಲು ಇಬ್ಬರು ಬೇಕು ಎಂದು ಯಾರು ಹೇಳಿದ್ದೋ.

ಕ್ಲಚ್ ಬಿಡು, ಹಿಡಿ, ದೂರ ನೋಡು, ಚಕ್ರದ ಹತ್ತಿರ ನೋಡಬೇಡ ಎಂದು ಕೂಗಿದೆ. ನನ್ನ ದನಿ ಅರ್ಧ ಮೈದಾನಕ್ಕೂ ಹೋಗಲಿಲ್ಲ. ಹೋದಷ್ಟು ಅವಳಿಗೆ ಸಾಕಾಗಿತ್ತು ಎಂದು ಕಾಣುತ್ತದೆ, ಕತ್ತಿನಲ್ಲಿದ್ದ ಸೀಟಿ ತೆಗೆದು ನನ್ನ ಕಡೆ ತಿರುಗಿ ಉದ್ದಕ್ಕೆ ಊದಿದಳು. ಸುಮ್ಮನೆ ಕೂತೆ.

ಮೊಣಕೈ ತರಚಿದೆ. ಮನೆಗೆ ಬಂದು ಮುಲಾಮು ಹಚ್ಚಲು ಹೋದೆ. ಕೈ ನಡುಗಿ ಅರ್ಧ ಮುಲಾಮು ಅವಳ ಅಂಗಿಯ ತೋಳಿಗೆ ಆಯಿತು. ಇನ್ನು ಕಲಿಯುವುದು ಸಾಕು, ಬೇಡ ಎಂದು ಬೇಡಿಕೊಂಡೆ. ಮುಂದಿನ ಭಾನುವಾರ ಬೇಗ ಹೋಗೋಣ, ಬಿಸಿಲಿರುವುದಿಲ್ಲ ಎಂದಳು.

ಆಗಸ್ಟ್ ೧೮, ಭಾನುವಾರ

ಗುಳಿಗೆ ಕೆಲಸ ಮಾಡುತ್ತಿದೆ. ಬೆಳಿಗ್ಗೆ ಈ ಪುಟದ ಅಕ್ಷರ ಪರವಾಗಿಲ್ಲ.

ಮೆಕ್ಯಾನಿಕ್‌ನ ಹತ್ತಿರ ಇಡೀ ವಾರ ಕೆಲಸ. ಸೀಟಿನ ಸ್ಪಂಜು ಕೊಯ್ದು ತಗ್ಗಿಸಿದೆವು. ಹಿಂದಿನ ಶಾಕ್ ಅಬ್ಸಾರ್ಬರನ್ನೂ ಇಳಿಸಿದೆವು, ಈಗ ಅವಳ ಎರಡೂ ಪಾದ ನೆಲಕ್ಕೆ ಕೂರುತ್ತವೆ. ಕ್ಲಚ್ಚಿನ ಲಿವರು ಅವಳ ಬೆರಳಿಗೆ ತಕ್ಕಂತೆ ಒಳಗೆ ತಂದೆವು. ಹಿತ್ತಾಳೆಯ ಗುಂಡು ತೆಗೆಸಿದೆ, ತಿರುಗಿಸುವಾಗ ಅವಳಿಗೆ ಭಾರ. ಹಿಂದಿನ ಸೀಟಿಗೆ ಒರಗು ಬೇಕು ಎಂದಳು. "ನಿನಗೆ ಇಷ್ಟು ವರ್ಷ ಬೇಕಾಗಿರ್ಲಿಲ್ಲವಲ್ಲ" ಎಂದೆ.

ಮೆಕ್ಯಾನಿಕ್ ಕೆಮ್ಮಿದ. "ಸಾರ್, ಒರಗು ನಿಮಗೆ" ಎಂದ.

ಹೌದಲ್ಲ. ಎರಡು ಕಡೆ ತೋಳು ಹಿಡಿಕೆ ಇರುವಂಥದ್ದನ್ನು ಬೆಸುಗೆ ಹಾಕಿ ಕೊಟ್ಟ. ಕುರ್ಚಿಯ ಹಾಗೆ ಕಾಣುತ್ತದೆ. ನಾಚಿಕೆಯಾಗುತ್ತದೆ, ಆದರೆ ಕೂತು ನೋಡಿದೆ, ಚೆನ್ನಾಗಿದೆ.

ಅವಳಿಗೆ ಗೇರ್ ಗಾಡಿಯ ಲೈಸೆನ್ಸು ಬಂತು. ನನಗೆ ಪೆಟ್ರೋಲಿನ ವಾಸನೆ ಇನ್ನೂ ಬರುವುದಿಲ್ಲ, ಅದಕ್ಕೆ ಅವಳು ದಿನವೂ ಮೂಸಿ ನೋಡಿ ಹೇಳುತ್ತಾಳೆ.

ಅಕ್ಟೋಬರ್ ೧೨, ಶನಿವಾರ

ನಾಳೆ ದೀಪಸ್ತಂಭಕ್ಕೆ ಹೊರಡುತ್ತಾಳೆ. ನನ್ನನ್ನೂ ಕರೆದುಕೊಂಡು.

ಹೆದರಿಕೆಯಾಗುತ್ತಿದೆ. ಮಧ್ಯಾಹ್ನದಿಂದ ಒಂದಲ್ಲ ಒಂದು ನೆಪ ಹೇಳುತ್ತಿದ್ದೇನೆ. ಮೋಡ ಕಾಣುತ್ತಿದೆ ಎಂದೆ, ಮೋಡವಿರಲಿಲ್ಲ. ಮುಂದಿನ ಟಯರ್ ಸವೆದಿದೆ ಎಂದೆ, ಅದನ್ನು ಹಾಕಿಸಿ ಎರಡು ವಾರವೂ ಆಗಿಲ್ಲ. ಬೆಟ್ಟದ ತಿರುವು ನಿನಗೆ ಅಭ್ಯಾಸವಿಲ್ಲ ಎಂದೆ. "ಪ್ರತಿಯೊಂದು ತಿರುವೂ ಗೊತ್ತು, ನಿಮ್ಮ ಹಿಂದೆ ಕೂತು ಜೊತೆಗೇ ವಾಲಿದ್ದೀನಿ" ಎಂದಳು. ಬ್ರೇಕಿನ ಎಣ್ಣೆ, ಚೈನು, ಗಾಳಿ, ಎಲ್ಲ ಮತ್ತೆ ಮತ್ತೆ ನೋಡಿದೆ. ಎಲ್ಲ ಸರಿಯಾಗಿದೆ. ಸರಿಯಾಗಿರುವುದೇ ಈಗ ಕಷ್ಟ.

ಅಕ್ಟೋಬರ್ ೧೩, ಭಾನುವಾರ

ಬೆಟ್ಟದ ಮೇಲಿನ ವಸತಿಗೃಹ. ಅವಳು ಸ್ನಾನಕ್ಕೆ ಹೋಗಿದ್ದಾಳೆ. ಇವತ್ತು ಅಕ್ಷರ ಸಣ್ಣದಾದರೂ ಚಿಂತೆಯಿಲ್ಲ, ಬರೆದುಬಿಡಬೇಕು.

ಊರು ದಾಟುವವರೆಗೆ ಎರಡೂ ಹಿಡಿಕೆ ಬಿಗಿಹಿಡಿದು ಕೂತಿದ್ದೆ. ನನ್ನ ಕಾಲು ಇಲ್ಲದ ಬ್ರೇಕನ್ನು ತುಳಿಯುತ್ತಲೇ ಇತ್ತು. ಹಿಂದಿನ ಸೀಟಿನಿಂದ ರಸ್ತೆ ಕಾಣುವುದಿಲ್ಲ, ಮುಂದಿನವರ ಹೆಲ್ಮೆಟ್ಟಿನ ಹಿಂಬದಿ ಕಾಣುತ್ತದೆ, ಮತ್ತೆ ಪಕ್ಕದ ಲೋಕವೆಲ್ಲ ಕಾಣುತ್ತದೆ. ಯಾರದೋ ಅಂಗಳದ ಬಟ್ಟೆ, ಜಗುಲಿಯ ಮೇಲೆ ಕೂದಲು ಬಾಚಿಕೊಳ್ಳುತ್ತಿದ್ದವಳು, ಸೈಕಲ್ಲಿನ ಚೈನು ಹಾಕುತ್ತಿದ್ದ ಮುದುಕ. ಇಷ್ಟು ವರ್ಷ ಇದೇ ದಾರಿಯಲ್ಲಿ ಹೋಗಿದ್ದೇನೆ, ಇದ್ಯಾವುದನ್ನೂ ನೋಡಿರಲಿಲ್ಲ.

ಬೆಟ್ಟ ಶುರುವಾಯಿತು. ತಿರುವಿಗೆ ಗಾಡಿ ವಾಲಿದಾಗಲೆಲ್ಲ ನಾನು ಎದುರು ಬದಿಗೆ ವಾಲಿದೆ. ಮುಂದೆ ಏನು ಬರುತ್ತಿದೆಯೋ ತಿಳಿಯದು, ಯಾವಾಗ ಬ್ರೇಕ್ ಹಿಡಿಯುತ್ತಾಳೋ ತಿಳಿಯದು. ನನ್ನ ಕೈಯಲ್ಲಿ ಏನೂ ಇಲ್ಲ, ಎರಡು ಹಿಡಿಕೆಗಳ ಹೊರತು. ಒಂದು ಲಾರಿ ಬಂತು. ಅವಳು ವೇಗ ತಗ್ಗಿಸಿ, ಅಂಚಿಗೆ ಸರಿದು, ಅದು ಹೋಗುವವರೆಗೆ ಎರಡೂ ಪಾದ ಊರಿ ನಿಂತಳು. ಆಮೇಲೆ ಹೊರಟಳು. ಅಷ್ಟೇ. ನಾನಾಗಿದ್ದರೆ ಅವನಿಗೂ ನನಗೂ ಪಂದ್ಯವಾಗುತ್ತಿತ್ತು.

ತುದಿಯಲ್ಲಿ ಟೀ ಅಂಗಡಿಯ ಮುಂದೆ ನಿಲ್ಲಿಸಿದಳು. ಇಳಿದಾಗ ನನ್ನ ಕೈಕಾಲು ಎರಡೂ ನಡುಗುತ್ತಿದ್ದವು. ಗುಳಿಗೆಯ ಹೊತ್ತೂ ಆಗಿತ್ತು. ಅವಳು ನೀರಿನ ಬಾಟಲಿ ಬಿಚ್ಚಿ ಕೊಟ್ಟು, ನಾನು ನುಂಗುವವರೆಗೆ ಬೇರೆ ಕಡೆ ನೋಡುತ್ತ ನಿಂತಳು.

"ಹೆದರಿಕೆ ಆಯ್ತಾ?" ಎಂದು ಕೇಳಿದಳು.

ಇಲ್ಲ ಎನ್ನಬೇಕೆಂದಿದ್ದೆ. "ಆಯ್ತು" ಎಂದೆ. "ತುಂಬಾ."

"ನನಗೂ ಆಗ್ತಿತ್ತು."

"ಇವತ್ತಾ?"

"ಇವತ್ತಲ್ಲ. ನೀವು ಓಡಿಸುವಾಗ. ಪ್ರತಿ ಸಲ. ಮೊದಲನೇ ದಿನದಿಂದ."

ತಮಾಷೆಗೆ ಹೇಳುತ್ತಿದ್ದಾಳೆ ಎಂದು ಮುಖ ನೋಡಿದೆ. ಅವಳು ಕೈಗವಸನ್ನು ಬೆರಳು ಬೆರಳಾಗಿ ಬಿಚ್ಚುತ್ತಿದ್ದಳು.

"ಆಗ ಕೈ ಸರಿ ಇತ್ತಲ್ಲೇ ನಂದು."

"ಕೈ ಸರಿ ಇತ್ತು. ಹೆದರಿಕೆ ಆಗ್ತಿತ್ತು, ಅಷ್ಟೇ. ಬೆಟ್ಟದ ಮೇಲಂತೂ ಕಣ್ಣು ಮುಚ್ಕೊಂಡ್ಬಿಡ್ತಿದ್ದೆ."

ಎಷ್ಟು ಬೆಟ್ಟ, ಎಷ್ಟು ವರ್ಷ. ಪ್ರತಿಸಲ ಮನೆಗೆ ಬಂದು ಪೆಟ್ಟಿಗೆ ಇಳಿಸುವಾಗ, ಮುಂದಿನ ಸಲ ಎಲ್ಲಿಗೆ ಎಂದು ಅವಳೇ ಕೇಳುತ್ತಿದ್ದಳು.

"ಮತ್ತೆ ಯಾಕೆ ಬರ್ತಿದ್ದೆ?"

"ನೀವು ಕರೀತಿದ್ರಲ್ಲ" ಎಂದಳು.

ಟೀ ಕುಡಿದೆವು. ನನ್ನ ಲೋಟವನ್ನು ಅರ್ಧಕ್ಕೆ ಮಾತ್ರ ತುಂಬಿಸಿದ್ದಳು, ತುಳುಕದಂತೆ. ಮಂಜು ಏರುತ್ತಿತ್ತು, ವಸತಿಗೃಹ ಇನ್ನೂ ನಾಲ್ಕು ತಿರುವಿನಾಚೆ. ಹಣೆಯ ಮೇಲಿನ ಕೂದಲು ಒಳಗೆ ಸೇರಿಸಿ ಹೆಲ್ಮೆಟ್ ಹಾಕಿಕೊಂಡಳು. ಬಂದು ನನ್ನ ಗದ್ದ ಎತ್ತಿ ಹಿಡಿದು ಪಟ್ಟಿ ಸಿಕ್ಕಿಸಿದಳು. ಅಂಗಡಿಯವನು ನೋಡುತ್ತಿದ್ದ, ನೋಡಲಿ. ಹೋಗಿ ಕೂತು ಗಾಡಿ ಶುರು ಮಾಡಿ, ಎರಡೂ ಪಾದ ಊರಿ, ತಿರುಗದೆಯೇ ಕರೆದಳು:

"ಬನ್ನಿ."

ಹೋಗಿ ಕೂತೆ.